ಅಣಬೆ ಕೋಣೆಗೆ ಇದ್ದಿಲ ಪೆಟ್ಟಿಗೆ

ತಂಗಿಯ ಎಡಗಿವಿಯ ಹಿಂದೆ ಮೂರು ಹೊಲಿಗೆ ಹಾಕಿದವಳು ನಾನೇ. ಅಂಕೋಲೆಯಿಂದ ಕಾರವಾರದವರೆಗೆ ಬಸ್ಸಿನಲ್ಲಿ ತಲೆಗೆ ಸೆರಗು ಹೊದ್ದು ನಿಂತುಕೊಂಡೇ ಬಂದಿದ್ದಳು. ನಾನು ನರ್ಸಾಗಿದ್ದ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕೂದಲು ಕತ್ತರಿಸಿ, ಗಾಯ ತೊಳೆದು, ಸೂಜಿ ಹಾಕಿದೆ. ಕೊನೆಯ ಗಂಟು ಬೀಳುವವರೆಗೆ ಏನೂ ಕೇಳಲಿಲ್ಲ. ನಮಗೆ ಕಲಿಸಿದ್ದೇ ಹಾಗೆ. ಮೊದಲು ಕೈಕೆಲಸ, ಆಮೇಲೆ ಮಾತು.

"ಎಂತಾ ಆಯ್ತು?"

"ಬಾವಿಕಟ್ಟೆ ಹತ್ರ ಜಾರ್ದೆ."

"ನಿಮ್ಮನೇಲಿ ಬಾವಿ ಎಲ್ಲದೆ? ನಲ್ಲಿ ಅಲ್ವಾ ಇರೂದು?"

ಅವಳಿಗೆ ನಗು ಬಂತು. ನಕ್ಕಾಗ ಹೊಲಿಗೆ ಎಳೆಯಿತು, ಮುಖ ಕಿವುಚಿದಳು.

ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿದ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೆ. ಅವರು ಬೀಳುವಾಗ ಕೈ ಊರುತ್ತಿರಲಿಲ್ಲ, ಮಂಡಿ ತರಚುತ್ತಿರಲಿಲ್ಲ. ಕುತ್ತಿಗೆಯ ಮೇಲೆ ನಾಲ್ಕು ಬೆರಳಿನ ಗುರುತು ಮಾತ್ರ ಇರುತ್ತಿತ್ತು. ಅವರು ಜಾರಿದೆ ಎನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಆ ದಿನ ಸ್ಟೂಲಿನ ಮೇಲೆ ಕೂತವಳು ನನ್ನ ಒಡಹುಟ್ಟಿದವಳಾದ್ದರಿಂದ ಎರಡನೆಯ ಪ್ರಶ್ನೆ ಕೇಳಿದೆ.

"ಎಂತಕ್ಕೆ ಹೊಡ್ದಾ?"

"ವಾಸ್ನೆಗೆ."

ವಾಸನೆ ಅಂದರೆ ಅಣಬೆ ಕೋಣೆಯದು. ಅದನ್ನು ಹಾಕಿಕೊಟ್ಟವಳೂ ನಾನೇ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಕಾರವಾರದಲ್ಲಿ ಹೆಂಗಸರಿಗೆ ಅಣಬೆ ಬೆಳೆಯುವ ತರಬೇತಿ ನಡೆದಿತ್ತು. ರಜೆ ಹಾಕಿ ನಾಲ್ಕು ದಿನ ಕೂತು ಕಲಿತು, ಕಲಿತದ್ದನ್ನೆಲ್ಲ ತಂಗಿಗೆ ದಾಟಿಸಿದೆ. ಅವಳ ಗಂಡ ಅಂಕೋಲೆಯ ಗೋಡಂಬಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಏಪ್ರಿಲ್, ಮೇ ತಿಂಗಳಲ್ಲಿ ಮಾವಿನ ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದ. ಮಕ್ಕಳಿರಲಿಲ್ಲ. ಮನೆಯ ಹಿಂದೆ ಹಂಚಿನ ಮಾಡಿನ ಖಾಲಿ ಕೋಣೆಯೊಂದಿತ್ತು. ಬತ್ತದ ಹುಲ್ಲನ್ನು ಚೂರು ಮಾಡಿ, ನೆನೆಸಿ, ಡ್ರಮ್ಮಿನಲ್ಲಿ ಬೇಯಿಸಿ, ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ತುಂಬಿ ನಡುನಡುವೆ ಬೀಜ ಹಾಕಬೇಕು. ಬೀಜ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿತ್ತು, ಹುಲ್ಲು ತೋಡೂರಿನಿಂದ. ಚೀಲಗಳನ್ನು ಹಗ್ಗಕ್ಕೆ ತೂಗುಹಾಕಿದರೆ ಮೂರು ವಾರದ ಮೇಲೆ ಚೀಲದ ಮೈಯಿಂದ ಚಿಪ್ಪಿನಂಥ ಬಿಳಿ ಅಣಬೆ ಹೊರಡುತ್ತದೆ.

ಅಣಬೆಗೆ ವಾಸನೆ ಇಲ್ಲ ಎಂದರೂ ನಡೆಯುತ್ತದೆ. ವಾಸನೆ ಇರುವುದು ಹುಲ್ಲಿಗೆ. ಬೆಂದ ಹುಲ್ಲಿನ ನೀರು, ಬಾಗಿಲು ಹಾಕಿದ ಕೋಣೆಯ ತೇವ, ಫಸಲು ಮುಗಿದ ಮೇಲೆ ಕಪ್ಪಾಗುವ ಚೀಲ ಇವೆಲ್ಲ ಸೇರಿ ಕೊಟ್ಟಿಗೆಯದೂ ಅಲ್ಲದ ಗಟಾರದ್ದೂ ಅಲ್ಲದ ಒಂದು ನಾತ ಏಳುತ್ತದೆ. ಪಕ್ಕದ ಮನೆಯ ಮೀನು ಮಾರುವ ಹೆಂಗಸು ಬೇಲಿಯ ಆಚೆ ಒಣಮೀನು ಹರಡುತ್ತ ನನಗೆ ಹೇಳಿದ್ದಳು, "ನರ್ಸ್ ಬಾಯಿ, ನಿಮ್ಮ ತಂಗಿ ಕೋಣೆ ವಾಸ್ನೆಗೆ ನನ್ನ ಬಂಗಡಿ ಹೆದ್ರಿ ಓಡ್ಹೋಗ್ತದೆ ನೋಡಿ." ಹೇಳಿ ತಾನೇ ನಕ್ಕಿದ್ದಳು. ಅವಳು ನಗಬಹುದಿತ್ತು, ಅವಳ ಒಣಮೀನಿಗೆ ಯಾರೂ ಅವಳನ್ನು ಹೊಡೆದಿರಲಿಲ್ಲ.

ತಂಗಿ ಹೇಳಿದ್ದಿಷ್ಟು. ಬೆಳಿಗ್ಗೆ ಅವನು ಹಿಂದಿನ ಜಗುಲಿಯಲ್ಲಿ ಚಾ ಕುಡಿಯುತ್ತಿದ್ದ. ವಾಸನೆ ಬಂತು. ಲೋಟ ಇಟ್ಟು ಎದ್ದು ಅವಳ ಜಡೆ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ ಕೊಳೆತ ಚೀಲದೊಳಗೆ ಮುಖ ಒತ್ತಿದ. "ಮೂಸು. ಚಲೋ ಮಾಡಿ ಮೂಸು" ಎಂದ. ಉಸಿರು ಕಟ್ಟಿ ತಲೆ ಕೊಡವಿದಾಗ ಬಾಗಿಲ ಚಿಲಕಕ್ಕೆ ಬಡಿದ. ಕಿವಿಯ ಹಿಂದೆ ಸೀಳಿದ್ದು ಆ ಚಿಲಕ.

ನಾನು ಕೇಳಿದ ಮೂರನೆಯ ಪ್ರಶ್ನೆ ಈಗಲೂ ನೆನಪಿದೆ. "ಕೋಣೆ ಕಿಟಕಿ ಯಾವ ಬದಿಗೆ ಅದೆ?"

ಸಂಜೆ ಐದರ ಬಸ್ಸಿಗೆ ಅವಳನ್ನು ವಾಪಸು ಕಳಿಸಿದೆ. ನಮ್ಮಲ್ಲಿ ಹೊಡೆತ ತಿಂದು ಬಂದವಳಿಗೆ ಊಟ ಹಾಕಿ, ಹೂವು ಮುಡಿಸಿ, ಬೆಳಕಿರುವಾಗಲೇ ಗಂಡನ ಮನೆಯ ಬಸ್ಸು ಹತ್ತಿಸುವುದು ರೂಢಿ. ಒಂದು ರಾತ್ರಿ ಉಳಿದರೆ ಅದು ಬಿಟ್ಟು ಬಂದ ಲೆಕ್ಕಕ್ಕೆ ಸೇರುತ್ತದೆ. ನಾನು ಕಿವಿಯ ಪಟ್ಟಿ ಮುಚ್ಚುವ ಹಾಗೆ ಅಬ್ಬಲಿಗೆ ದಂಡೆ ಮುಡಿಸಿದೆ.

ಮುಂದಿನ ರವಿವಾರದಿಂದ ಕೆಲಸ ಸುರುವಾಯಿತು. ನನಗೊಂದು ನೋಟ್‌ಬುಕ್ ಇಡುವ ಅಭ್ಯಾಸ. ವಾರ್ಡಿನಲ್ಲಿ ರೋಗಿಯ ಜ್ವರ, ನಾಡಿ, ಔಷಧ ಬರೆದ ಹಾಗೆ ಅಣಬೆ ಕೋಣೆಗೂ ಒಂದು ಪುಸ್ತಕ ಮಾಡಿದೆ. ಎಡಪುಟದಲ್ಲಿ ಗಾಳಿ, ತೇವ, ವಾಸನೆ, ಆ ವಾರ ಮಾಡಿದ ಕೆಲಸ. ಬಲಪುಟದಲ್ಲಿ ತಂಗಿಯ ಮೈ. ಎಲ್ಲಿ ಪೆಟ್ಟು, ಎಷ್ಟು ಉದ್ದ, ಯಾವ ಬಣ್ಣ. ಎರಡನ್ನೂ ಒಂದೇ ಪೆನ್ನಿನಲ್ಲಿ ಬರೆದೆ.

ಗಾಳಿಗೆ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಇರಬೇಕು. ಇದು ನಮಗೆ ವಾರ್ಡಿನಲ್ಲಿ ಕಲಿಸಿದ ಮೊದಲ ಪಾಠ. ತಣ್ಣನೆಯ ಗಾಳಿ ಕೆಳಗಿನಿಂದ ಬರಬೇಕು, ಬಿಸಿಯಾದದ್ದು ಮೇಲಿನಿಂದ ಹೋಗಬೇಕು. ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಒಂದು ಗೇಣು ಮೇಲೆ ಎರಡು ತೂತು ಕೊರೆಸಿ ಒದ್ದೆ ಗೋಣಿ ಕಟ್ಟಿದೆ. ಪೂರ್ವದ ಗೋಡೆಯಲ್ಲಿ ಮಾಡಿನ ಕೆಳಗೆ ದೊಡ್ಡ ತೂತು ಮಾಡಿಸಿ ಕಾರವಾರದಿಂದ ತಂದ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. ಸಮುದ್ರ ಪಶ್ಚಿಮಕ್ಕೆ. ಗಾಳಿ ಅಲ್ಲಿಂದ ಬರುತ್ತದೆ, ವಾಸನೆಯನ್ನು ಪೂರ್ವದ ಗದ್ದೆಯ ಕಡೆಗೆ ಒಯ್ಯುತ್ತದೆ. ನಾನು ಅಂಕೋಲೆಗೆ ಹೋಗುತ್ತಿದ್ದದ್ದು ರವಿವಾರ ಹತ್ತೂವರೆಗೆ, ಹೊರಡುತ್ತಿದ್ದದ್ದು ಐದಕ್ಕೆ. ಆ ಹೊತ್ತಿನಲ್ಲಿ ಗಾಳಿ ಯಾವಾಗಲೂ ಹಾಗೆಯೇ ಇತ್ತು.

ಮುಂದಿನ ವಾರ ತಂಗಿಯ ಬಲಗಣ್ಣು ಮುಚ್ಚಿಕೊಂಡಿತ್ತು.

"ಫ್ಯಾನ್ ಹಾಕಿದ್ಮೇಲೆ ಜಾಸ್ತಿ ಆಯ್ತು ಅಕ್ಕಾ. ಬೆಳಿಗ್ಗೆ ಸೀದಾ ಜಗ್ಲಿಗೇ ಬತ್ತದೆ."

ಮೀನಿನವಳು ಬೇಲಿಯಾಚೆಯಿಂದ ನನ್ನನ್ನು ಕರೆದಳು. "ಬಾಯಿ, ನೀವು ಹಣಕೋಣದವ್ರು, ಹೊಳೆ ಬದಿಯವ್ರು. ನಿಮ್ಗೆ ಸಮುದ್ರ ಗೊತ್ತಿಲ್ಲ. ಬೆಳಿಗ್ಗೆ ಗಾಳಿ ಗುಡ್ಡದ ಬದಿಯಿಂದ ಬೀಸ್ತದೆ. ಅದೇ ಗಾಳಿಗೆ ನಮ್ಮ ಗಂಡಸ್ರು ದೋಣಿ ಬಿಡೂದು. ಮಧ್ಯಾಹ್ನ ಸಮುದ್ರದ ಬದಿಯಿಂದ ತಿರುಗ್ತದೆ, ಅದೇ ಗಾಳಿಗೆ ವಾಪಸು ಬರೂದು. ಅಷ್ಟು ಕಲ್ತವ್ರು ನೀವು, ಒಂದು ಮಾತು ಕೇಳೂಕಾಗ್ಲಿಲ್ವಾ?"

ನಾನು ಹೊರಗೆ ಕಳಿಸಿದ ವಾಸನೆಯನ್ನು ಬೆಳಗಿನ ಗಾಳಿ ಮಾಡಿನ ಮೇಲಿಂದ ಹೊತ್ತು ತಂದು ಅವನ ಚಾ ಲೋಟದ ಎದುರಿಗೆ ಇಡುತ್ತಿತ್ತು. ತಪ್ಪು ನನ್ನದೇ. ಆ ಕಣ್ಣಿನ ಬಾವನ್ನು ನನ್ನ ಹೆಸರಿಗೇ ಬರೆದುಕೊಂಡೆ. ಬಲಪುಟದಲ್ಲಿ "ಬಲಗಣ್ಣು, ನೇರಳೆ" ಎಂದು ಬರೆದು, ಎಡಪುಟದಲ್ಲಿ "ಕಾರಣ: ಬೆಳಗಿನ ಗಾಳಿ" ಎಂದು ಬರೆದೆ.

ಅವತ್ತು ಅವನೂ ಮನೆಯಲ್ಲಿದ್ದ. ಬನಿಯನ್, ಲುಂಗಿ. ಮೈಗೆ ಗೋಡಂಬಿ ಸಿಪ್ಪೆ ಸುಟ್ಟ ಎಣ್ಣೆಯ ಕಮಟು. ನನ್ನ ಎದುರಿಗೆ ಬಹಳ ಮರ್ಯಾದೆಯವನು.

"ಅಕ್ಕಾ, ನಾ ಬೇಕು ಹೇಳಿ ಮಾಡೂದಲ್ಲ. ವಾಸ್ನೆ ಬಂದ್ರೆ ನಂಗೆ ತಲೆ ತಿರುಗ್ತದೆ. ನೀವೇ ನೋಡ್ತ್ರಿ ಅಲ್ವಾ."

"ವಾಸ್ನೆ ಹೋದ್ರೆ?"

"ವಾಸ್ನೆ ಹೋದ್ರೆ ಮತ್ತೆಂತಾ ಅದೆ? ನಾ ಎಂತಕ್ಕೆ ಕೈ ಎತ್ಲಿ?"

ಈ ಮಾತನ್ನು ನಾನು ಕರಾರು ಎಂದು ತಿಳಿದೆ. ವಾಸನೆ ಹೋದರೆ ಹೊಡೆತ ಹೋಗುತ್ತದೆ. ವಾಸನೆ ಹೋಗಿಸುವುದು ನನ್ನ ಕೈಯಲ್ಲಿದೆ. ಅಲ್ಲಿಂದ ಒಂದೂವರೆ ತಿಂಗಳು ನಾನು ಇದೊಂದೇ ಕೆಲಸಕ್ಕೆ ಬಿದ್ದೆ.

ಕೊಳೆಯುವ ಗಾಯದ ವಾಸನೆ ತಡೆಯಲು ಮಂಚದ ಕೆಳಗೆ ಇದ್ದಿಲು ಇಡುವುದನ್ನು ಹಳೆಯ ನರ್ಸೊಬ್ಬರು ನನಗೆ ತೋರಿಸಿದ್ದರು. ಇದ್ದಿಲು ವಾಸನೆ ಕುಡಿಯುತ್ತದೆ. ಅದರಲ್ಲೂ ತೆಂಗಿನ ಕರಟದ ಇದ್ದಿಲು. ಹಣಕೋಣದ ತವರಿನಿಂದ ಎರಡು ಚೀಲ ಕರಟ ತರಿಸಿ, ಹೊಂಡದಲ್ಲಿ ಸುಟ್ಟು, ಮಣ್ಣು ಮುಚ್ಚಿ, ಮರುದಿನ ತೆಗೆದೆವು. ಒರಳಲ್ಲಿ ಹಾಕಿ ಒನಕೆಯಿಂದ ಶೇಂಗಾ ಬೀಜದಷ್ಟು ಚೂರು ಮಾಡಿದೆವು. ಪುಡಿಯಾದದ್ದನ್ನು ಜರಡಿ ಹಿಡಿದು ಚೆಲ್ಲಿದೆವು, ಪುಡಿ ಗಾಳಿ ಬಿಡುವುದಿಲ್ಲ. ಎರಡು ಮಾವಿನ ಪೆಟ್ಟಿಗೆಯ ಹಲಗೆ ಬಿಚ್ಚಿ ಒಂದು ಚೌಕಟ್ಟು ಕಟ್ಟಿ, ಎರಡೂ ಬದಿಗೆ ತಂತಿಯ ಜಾಳಿಗೆ ಹೊಡೆದು, ನಡುವೆ ನಾಲ್ಕು ಬೆರಳು ದಪ್ಪಕ್ಕೆ ಇದ್ದಿಲು ತುಂಬಿದೆವು. ಒಳಬದಿಗೆ ಸೊಳ್ಳೆಪರದೆ ಬಟ್ಟೆ. ಅಣಬೆ ಬಲಿತಾಗ ಹಾರುವ ಬಿಳಿ ಹುಡಿ ಇದ್ದಿಲಿಗೆ ಕೂತರೆ ತೂತು ಮುಚ್ಚುತ್ತದೆ, ಮನುಷ್ಯರಿಗೆ ಕೆಮ್ಮು ತರುತ್ತದೆ.

ಮೊದಲ ಪೆಟ್ಟಿಗೆ ಕೆಲಸ ಮಾಡಲಿಲ್ಲ. ಕರಾವಳಿಯ ತೇವಕ್ಕೆ ಇದ್ದಿಲು ಎರಡೇ ದಿನದಲ್ಲಿ ನೆನೆದು ಸುಮ್ಮನಾಯಿತು. ಆ ವಾರ ಬಲಪುಟದಲ್ಲಿ: ಬೆನ್ನು, ಬೆಲ್ಟಿನ ಗುರುತು, ಎರಡು. ಆಮೇಲೆ ಎರಡು ಪೆಟ್ಟಿಗೆ ಮಾಡಿದೆವು. ಒಂದು ಫ್ಯಾನಿನ ಹಿಂದೆ ಗೋಡೆಯ ಹೊರಬದಿಗೆ, ಒಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತ. ದಿನ ಬಿಟ್ಟು ದಿನ ಬದಲಿಸಬೇಕು. ಇದ್ದಿಲಿನ ಮೂಲಕ ಎಳೆಯುವ ಶಕ್ತಿ ಹಳೆಯ ಫ್ಯಾನಿಗೆ ಸಾಲದೆ ದೊಡ್ಡದನ್ನು ತಂದೆ. ಮಾಡಿನ ಸಂದಿಗಳಿಗೆ ಸೆಗಣಿ ಮಣ್ಣು ಮೆತ್ತಿದೆವು. ಫಸಲು ಮುಗಿದ ಚೀಲ ಅದೇ ದಿನ ಗದ್ದೆಯ ಹೊಂಡಕ್ಕೆ ಹೋಗಬೇಕು. ಹುಲ್ಲು ಬೇಯಿಸುವುದು ಅವನು ಕೆಲಸಕ್ಕೆ ಹೋದ ಮೇಲೆ. ಇದನ್ನೆಲ್ಲ ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದೆ. ತಂಗಿ ಓದಿ, "ಇದೆಂತಾ ಆಸ್ಪತ್ರೆಯಾ ಅಕ್ಕಾ? ಅಣಬೆಗೆ ಟೆಂಪ್ರೇಚರೂ ನೋಡ್ಬೇಕಾ?" ಎಂದಳು.

"ನೋಡ್ಬೇಕು. ಥರ್ಮಾಮೀಟರ್ ತಂದಿದ್ದೆ."

ಪರೀಕ್ಷೆಯ ದಿನ ಒಂದು ಊದುಬತ್ತಿ ಹಚ್ಚಿ ಬಾಗಿಲಿನ ಸಂದಿಯ ಹತ್ತಿರ ಹಿಡಿದೆ. ಹೊಗೆ ಹೊರಗೆ ತೇಲಲಿಲ್ಲ. ದಾರದಂತೆ ನೆಟ್ಟಗೆ ಎಳೆದುಕೊಂಡು ಸಂದಿಯೊಳಗೆ ಹೋಯಿತು. ಅಂದರೆ ಕೋಣೆಯ ಗಾಳಿ ಫ್ಯಾನು ಮತ್ತು ಇದ್ದಿಲಿನ ದಾರಿ ಬಿಟ್ಟು ಬೇರೆಲ್ಲೂ ಹೊರಬೀಳುತ್ತಿಲ್ಲ. ಸ್ಟೂಲು ಹತ್ತಿ ಪೆಟ್ಟಿಗೆಗೆ ಮೂಗು ಹಚ್ಚಿ ನೋಡಿದೆ. ಏನೂ ಇಲ್ಲ. ಮೀನಿನವಳನ್ನು ಕರೆದು ಮೂಸಲು ಹೇಳಿದೆ. "ಈಗ ನನ್ನ ಬಂಗಡಿದೇ ಬತ್ತದೆ" ಎಂದಳು. ಎಡಪುಟದಲ್ಲಿ "ವಾಸನೆ: ಇಲ್ಲ" ಎಂದು ಬರೆದು ಕೆಳಗೆ ಗೆರೆ ಎಳೆದೆ. ವಾಪಸು ಹೋಗುವ ಬಸ್ಸಿನಲ್ಲಿ ಅವರ್ಸಾ ದಾಟುವ ಮೊದಲೇ ನಿದ್ದೆ ಬಂತು.

ಮುಂದಿನ ರವಿವಾರ ಅವಳ ಮೇಲ್ದುಟಿ ಒಡೆದಿತ್ತು.

"ವಾಸ್ನೆ ಬಂತಾ?"

"ಇಲ್ಲ."

"ಮತ್ತೆಂತಕ್ಕೆ?"

"ಫ್ಯಾನ್ ಶಬ್ದ ಮಾಡ್ತದೆ ಹೇಳಿ."

ನಾನು ಸೈಕಲ್ ಟ್ಯೂಬು ಕತ್ತರಿಸಿ ಫ್ಯಾನಿನ ನಾಲ್ಕು ಬೋಲ್ಟಿನ ಕೆಳಗೆ ರಬ್ಬರ್ ಕೊಟ್ಟೆ. ಶಬ್ದ ಅರ್ಧಕ್ಕಿಂತ ಕಡಿಮೆಯಾಯಿತು. ಅದರ ಮುಂದಿನ ವಾರ ಎಡಗೈ ಕಿರುಬೆರಳು ಊದಿತ್ತು, ಮುರಿದಿತ್ತು. ಸಣ್ಣ ಕಡ್ಡಿ ಇಟ್ಟು ಪಕ್ಕದ ಬೆರಳಿಗೆ ಸೇರಿಸಿ ಕಟ್ಟುತ್ತ ಕೇಳಿದೆ, "ಈ ಸಲ ಎಂತಕ್ಕೆ?"

ಅವಳು ಕೈ ಎಳೆದುಕೊಂಡಳು. ಮುರಿದ ಬೆರಳಿನ ಕೈಯನ್ನು.

"ಅಕ್ಕಾ, ನೀ ಕೇಳೂದು ನಿಲ್ಸು. ಪ್ರತಿ ಸಲ ಎಂತಕ್ಕೆ ಎಂತಕ್ಕೆ ಹೇಳಿ ಕೇಳ್ತೆ. ನಾ ಒಂದು ಹೇಳ್ತೆ, ನೀ ಅದ್ನ ರಿಪೇರಿ ಮಾಡ್ತೆ. ಅಂವ ಇನ್ನೊಂದು ಹುಡುಕ್ತಾ."

ನೋಟ್‌ಬುಕ್ ತೆರೆದು ಮೊದಲ ಪುಟದಿಂದ ನೋಡಿದೆ. ಅಷ್ಟು ದಿನ ಪ್ರತಿ ವಾರದ ಪುಟವನ್ನು ಬೇರೆಬೇರೆಯಾಗಿ ಬರೆದಿದ್ದೆನೇ ಹೊರತು ಒಟ್ಟಿಗೆ ಓದಿರಲಿಲ್ಲ. ಎಡಪುಟದಲ್ಲಿ ವಾಸನೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತ ಇಲ್ಲವಾಗಿತ್ತು. ಬಲಪುಟದಲ್ಲಿ ಏನೂ ಕಡಿಮೆಯಾಗಿರಲಿಲ್ಲ. ವಾರ್ಡಿನಲ್ಲಿ ಇಂಥ ಚಾರ್ಟು ಕಂಡಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದೆ, ಔಷಧ ಬೇರೆ ರೋಗದ್ದು ಎಂದು.

ಪುಸ್ತಕ ಮುಚ್ಚಿ, ಮತ್ತೆ ಅವಳ ಕೈ ಹಿಡಿದು ಪಟ್ಟಿ ಸುತ್ತತೊಡಗಿದೆ. ಅಷ್ಟರಲ್ಲಿ ಅವನು ಮಧ್ಯಾಹ್ನದ ನಿದ್ದೆ ಮುಗಿಸಿ ಹಿಂದಕ್ಕೆ ಬಂದ. ಅವನು ಮಲಗಿದ ಮೇಲೆ ನಾನು ಹೇಳಿ ಅಂಗಳದ ಡ್ರಮ್ಮಿನಲ್ಲಿ ಹುಲ್ಲು ಬೇಯಲು ಇಡಿಸಿದ್ದೆ, ಮಧ್ಯಾಹ್ನದ ಗಾಳಿ ಅದರ ಹಬೆಯನ್ನು ಗದ್ದೆಯ ಕಡೆಗೆ ಒಯ್ಯುತ್ತಿತ್ತು. ಕೋಣೆಯ ಬಾಗಿಲು ಹಾಕಿತ್ತು. ಅವನು ಅಣಬೆ ಕೋಣೆಯ ಕಡೆ ಮೂಗೆತ್ತಿ ಒಮ್ಮೆ ಎಳೆದ.

"ವಾಸ್ನೆ ಇಲ್ಲ ಈಗ. ಚಲೋ ಮಾಡಿದ್ರಿ ಅಕ್ಕಾ" ಎಂದ. ಅದೇ ಉಸಿರಿನಲ್ಲಿ ತಂಗಿಯ ಕಡೆ ತಿರುಗಿ, "ಚಾ ಎಲ್ಲದೆ?" ಎಂದ.

"ಇಡ್ತೆ" ಎಂದಳು ತಂಗಿ. ಏಳುವುದು ಸ್ವಲ್ಪ ತಡವಾಯಿತು. ಬೆರಳಿಗೆ ಪಟ್ಟಿ ಇನ್ನೂ ಅರ್ಧವೇ ಸುತ್ತಿತ್ತು, ತುದಿ ನನ್ನ ಕೈಯಲ್ಲಿತ್ತು.

ಅವನು ಅವಳ ಜಡೆ ಹಿಡಿದು ಎಬ್ಬಿಸಿದ.

ಅಲ್ಲಿಯವರೆಗೆ ಹೊಡೆತದ ಗುರುತುಗಳನ್ನು ನೋಡಿದ್ದೆ, ಹೊಡೆತವನ್ನು ನೋಡಿರಲಿಲ್ಲ. ನಾನು ಅಂದುಕೊಂಡಿದ್ದಂತೆ ಅದರಲ್ಲಿ ಸಿಟ್ಟು ಇರಲಿಲ್ಲ. ನೀರು ಸೇದುವವನ ಮುಖದ ಹಾಗೆ ಇತ್ತು ಅವನ ಮುಖ. ಒಂದು ಕೈಯಲ್ಲಿ ಜಡೆ ಸುತ್ತಿಕೊಂಡು, ಇನ್ನೊಂದರಲ್ಲಿ ಮುಖಕ್ಕೆ ಎರಡು ಬಾರಿಸಿದ. ಅವಳನ್ನು ಫ್ಯಾನಿನ ಕೆಳಗಿನ ಗೋಡೆಗೆ ತಂದು ಬಡಿದ. ಮೇಲೆ ಇದ್ದಿಲ ಪೆಟ್ಟಿಗೆ ಅಲುಗಿತು. ಅವನು ತಲೆಯೆತ್ತಿ ಅದನ್ನು ನೋಡಿ, ಏನೋ ನೆನಪಾದವನಂತೆ ಕೈ ಚಾಚಿ ಕಿತ್ತು ಎಳೆದ. ಜಾಳಿಗೆ ಹರಿದು ಇದ್ದಿಲು ತಂಗಿಯ ತಲೆಯ ಮೇಲೆ, ಒಡೆದ ತುಟಿಯ ಮೇಲೆ ಸುರಿಯಿತು.

ಒರಳಿನ ಹತ್ತಿರ ಒನಕೆ ಒರಗಿತ್ತು. ಕೈಯ ಯಾವ ಮೂಳೆಗೆ ಪೆಟ್ಟು ಬಿದ್ದರೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಜಡೆ ಹಿಡಿದ ಕೈಯ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಒಂದೇ ಸಲ ಹೊಡೆದೆ. ಹಸಿ ಕಡ್ಡಿ ಮುರಿದಂಥ ಶಬ್ದವಾಯಿತು. ಜಡೆ ಬಿಟ್ಟ. ನನ್ನ ಕಡೆ ತಿರುಗಿದ. ಮರ್ಯಾದೆಯ ಮುಖ ಈಗ ಇರಲಿಲ್ಲ.

"ನೀನು" ಎಂದ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಏಕವಚನ. ಇನ್ನೊಂದು ಕೈ ನನ್ನ ಕುತ್ತಿಗೆಗೆ ಬಂತು. ನಾಲ್ಕು ಬೆರಳು ಎಲ್ಲೆಲ್ಲಿ ಕೂರುತ್ತವೆ ಎಂದು ನನಗೆ ಆಗ ಸರಿಯಾಗಿ ತಿಳಿಯಿತು.

ತಂಗಿ ಓಡಲಿಲ್ಲ, ಕೂಗಲಿಲ್ಲ. ಡ್ರಮ್ಮಿನ ಹತ್ತಿರ ಹೋಗಿ, ಹುಲ್ಲಿನ ನೀರು ಬಗ್ಗಿಸುವ ಉದ್ದ ಹಿಡಿಕೆಯ ಡಬ್ಬವನ್ನು ತುಂಬ ಮುಳುಗಿಸಿ ತಂದು, ಅವನ ಎರಡೂ ಪಾದಗಳ ಮೇಲೆ ಸುರಿದಳು. ಮತ್ತೆ ಹೋಗಿ ಇನ್ನೊಂದು ಡಬ್ಬ ತಂದಳು. ಅದನ್ನು ಸುರಿಯಬೇಕಾಗಿ ಬರಲಿಲ್ಲ. ಅವನು ನೆಲದ ಮೇಲಿದ್ದ. ಅವಳು ಡಬ್ಬ ಹಿಡಿದುಕೊಂಡೇ ನಿಂತು ಹೇಳಿದಳು, "ಮೂಸು."

ಮೀನಿನವಳು ಬೇಲಿ ದಾಟಿ ಬಂದಿದ್ದಳು.

ನಾನು ನನ್ನ ಕೆಲಸ ಮಾಡಿದೆ. ಅವನ ಕಾಲನ್ನು ನಲ್ಲಿಯ ಕೆಳಗೆ ಇಟ್ಟು, ಗಡಿಯಾರ ನೋಡಿ ಇಪ್ಪತ್ತು ನಿಮಿಷ ತಣ್ಣೀರು ಬಿಟ್ಟೆ. ಗುಳ್ಳೆ ಒಡೆಯಲಿಲ್ಲ. ಕೈಗೆ ಮಾವಿನ ಪೆಟ್ಟಿಗೆಯ ಒಂದು ಹಲಗೆ ಕೊಟ್ಟು ಕಟ್ಟಿದೆ. ಅವನು ಅಳುತ್ತಿದ್ದ. ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಒಯ್ದೆವು. ಡಾಕ್ಟರು ಏನಾಯಿತು ಎಂದು ಕೇಳಿದರು.

"ಜಾರ್ದೆ" ಎಂದ ಅವನು. ಗೋಡೆ ನೋಡುತ್ತ. "ಅಂಗಳದಲ್ಲಿ ಜಾರಿ ಡ್ರಮ್ಮಿಗೆ ಬಿದ್ದೆ."

ನಾನು ತಲೆಯಾಡಿಸಲಿಲ್ಲ. ನೋಟ್‌ಬುಕ್ಕನ್ನು ಡಾಕ್ಟರ ಮೇಜಿನ ಮೇಲೆ ಬಲಪುಟ ಮೇಲಾಗುವಂತೆ ತೆರೆದಿಟ್ಟೆ. "ಮೊದ್ಲು ಇದ್ನ ಓದಿ. ಆಮೇಲೆ ಇವ್ರು ಹೇಗೆ ಜಾರಿದ್ರು ಹೇಳಿ ನಾ ಹೇಳ್ತೆ. ಕೈ ಮುರಿದಿದ್ದು ನಾನು" ಎಂದೆ. ಡಾಕ್ಟರು ನಾಲ್ಕು ಪುಟ ಓದಿದರು. ತಂಗಿಯನ್ನು ಒಮ್ಮೆ ನೋಡಿದರು. ಕಾರಣ ಬರೆಯುವ ಜಾಗದಲ್ಲಿ "ಜಾರಿ ಬಿದ್ದು" ಎಂದೇ ಬರೆದರು.

ಪೊಲೀಸು ಕೇಸು ಆಗಲಿಲ್ಲ. ಆಗಬೇಕಾದರೆ ಹೆಂಡತಿ ಕಾಲು ಸುಟ್ಟಳು ಎಂದು ಅವನು ನಾಲ್ಕು ಜನರ ಎದುರು ಹೇಳಬೇಕಿತ್ತು. ಜಾರಿದೆ ಎನ್ನುವುದೇ ಅವನಿಗೂ ಸುಲಭವಾಯಿತು. ಐದರ ಬಸ್ಸಿಗೆ ತಂಗಿಯೂ ನನ್ನ ಜೊತೆ ಹತ್ತಿದಳು. ಜಡೆಯಲ್ಲಿ ಇದ್ದಿಲ ಚೂರು ಹಾಗೇ ಇತ್ತು. ನಾನು ಹೂವು ಮುಡಿಸಲಿಲ್ಲ.

ಮರುತಿಂಗಳು ಹಣಕೋಣದ ಮನೆಯ ಹಿಂದಿನ ಖಾಲಿ ಕೊಟ್ಟಿಗೆಯಲ್ಲಿ ಅವಳು ಮತ್ತೆ ಚೀಲ ತೂಗುಹಾಕಿದಳು. ಅಂಕೋಲೆಯಿಂದ ಫ್ಯಾನನ್ನು ಬಿಚ್ಚಿ ಕಳಿಸಿದವಳು ಮೀನಿನವಳು. ಅಟ್ಟದ ಮೇಲಿದ್ದ ಎರಡನೆಯ ಪೆಟ್ಟಿಗೆಯನ್ನೂ ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿದ್ದಳು. ಹೊಳೆಯ ಗಾಳಿ ಬೆಳಿಗ್ಗೆ ಯಾವ ಬದಿಗೆ, ಸಂಜೆ ಯಾವ ಬದಿಗೆ ಎಂದು ಎರಡು ದಿನ ಕೂತು ನೋಡಿಯೇ ಫ್ಯಾನಿಗೆ ಜಾಗ ಗುರುತು ಮಾಡಿದೆ. ಪೆಟ್ಟಿಗೆ ಎತ್ತಿ ಅದರ ಹಿಂದೆ ಹಿಡಿದು ಅಳತೆ ನೋಡುತ್ತಿದ್ದಾಗ ತಂಗಿ ಒಲೆಯ ಹತ್ತಿರದಿಂದ ಕೂಗಿ ಹೇಳಿದಳು.

"ಅದು ಬೇಡ. ಈಚೆ ಕೊಡು."

"ವಾಸ್ನೆ ಬತ್ತದಲ್ಲೇ."

"ಬರ್ಲಿ."

ಜಾಳಿಗೆ ಬಿಚ್ಚಿ, ಮೂರು ಹಿಡಿ ಇದ್ದಿಲು ತೆಗೆದು ಒಲೆಗೆ ಹಾಕಿ, ಅದರ ಕೆಂಡದ ಮೇಲೆ ನಾಲ್ಕು ಬಂಗಡಿ ಮೀನು ಸುಟ್ಟಳು. ಬಾಗಿಲು ತೆರೆದೇ ಇತ್ತು.